ತ್ವಾನನಿಗೆ ಬಿದ್ದ ಪೆಟ್ಟು

ಇಂಥದ್ದನ್ನೆಲ್ಲ ನಂಬುವವನಲ್ಲ ನಾನು. ಊರಿನಲ್ಲಿ ಕುಟುಂಬದ ದೈವಕ್ಕೆ ಕೋಲ ಆಗುವಾಗ, ದರ್ಶನ ಬಂದು ನಡುಗುವ ಪಾತ್ರಿಯನ್ನು ನೋಡಿ ‘ಇದೆಲ್ಲ ಅಭ್ಯಾಸಬಲ’ ಎಂದು ಭಾವನ ಕಿವಿಯಲ್ಲಿ ಹೇಳಿ ಬೈಸಿಕೊಂಡವ. ಯಾರಾದರೂ ತಮಗೊಂದು ವಿಚಿತ್ರ ಅನುಭವ ಆಯಿತು ಅಂತ ಶುರುಮಾಡಿದರೆ ಮೊದಲು ಅವರ ನಿದ್ದೆ, ಊಟ, ಬಿ.ಪಿ. ವಿಚಾರಿಸುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ನನ್ನ ಬಿ.ಪಿ. ಕೇಳಿದರೆ ಬೇಜಾರಿಲ್ಲ. ನಾರ್ಮಲ್ ಉಂಟು.

ಗಲ್ಫಿನ ಮೀನಾ ಅಬ್ದುಲ್ಲಾದಲ್ಲಿ ಎಣ್ಣೆ ಟ್ಯಾಂಕ್ ಕಟ್ಟುವ ಒಂದು ಕಂಪನಿಯಲ್ಲಿ ನಾನು ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ. ಹೆಂಡತಿ ಶೈಲಾ ಆಸ್ಪತ್ರೆಯಲ್ಲಿ ನರ್ಸ್. ಖೈತಾನಿನಲ್ಲಿ ಸಣ್ಣ ಫ್ಲ್ಯಾಟು, ಹತ್ತಿರದಲ್ಲೇ ಮಗಳ ಶಾಲೆ. ನಮ್ಮಿಬ್ಬರ ನಡುವೆ ತುಳು, ಮಗಳ ಬಾಯಲ್ಲಿ ಇಂಗ್ಲಿಷು. ದೂರಲು ಹೆಚ್ಚೇನೂ ಇಲ್ಲದ ಬದುಕು. ಆಮೇಲೆ ನಮ್ಮ ಪ್ರಾಜೆಕ್ಟಿಗೆ ಮಿಸ್ಟರ್ ಹಾನ್ ಮ್ಯಾನೇಜರ್ ಆಗಿ ಬಂದರು.

ಹಾನ್ ಕೊರಿಯಾದವರು. ಐವತ್ತು ದಾಟಿದ ಸಪೂರ ಮನುಷ್ಯ. ದನಿ ಏರಿಸಿದ್ದು ಯಾರೂ ಕೇಳಿಲ್ಲ. ಅವರು ಬಂದ ಸ್ವಲ್ಪ ದಿನಕ್ಕೆ ಸೈಟಿನಲ್ಲಿ ಕ್ರೇನಿನ ಪಟ್ಟಿ ಜಾರಿ ಒಬ್ಬ ಕೆಲಸಗಾರನ ಕಾಲು ನುಜ್ಜುಗುಜ್ಜಾಯಿತು. ನಾವೆಲ್ಲ ಹೊಸ ಪಟ್ಟಿ ತರಿಸುವ ಯೋಚನೆಯಲ್ಲಿದ್ದರೆ ಅವರು, “ಜಾರಿದ್ದು ಪಟ್ಟಿಯಲ್ಲ, ಮನಸ್ಸು” ಎಂದರು. ಮುಂದಿನ ಶುಕ್ರವಾರದಿಂದ ಆಫೀಸಿನವರೂ ಫೋರ್‌ಮನ್‌ಗಳೂ ಕ್ಯಾಂಪಿನ ಟ್ರೈನಿಂಗ್ ಕ್ಯಾಬಿನ್ನಿನಲ್ಲಿ ಧ್ಯಾನಕ್ಕೆ ಕೂರಬೇಕೆಂದು ಹೇಳಿಕಳಿಸಿದರು. ಕಡ್ಡಾಯ ಅಲ್ಲ, ಇಷ್ಟ ಇದ್ದವರು ಮಾತ್ರ ಎಂಬ ಮಾತೂ ಇತ್ತು. ಆದರೆ ಊರಿಗೆ ಹೋಗುವ ರಜೆ, ಈ ದೇಶದಲ್ಲಿ ಇರಲು ಬೇಕಾದ ಇಕಾಮಾದ ರಿನ್ಯೂವಲ್, ಬೇರೆ ಕಂಪನಿಗೆ ಹೋಗಲು ರಿಲೀಸ್, ಎಲ್ಲಕ್ಕೂ ಸಹಿ ಅವರದ್ದೇ. ಹಾಗಾಗಿ ಎಲ್ಲರಿಗೂ ಇಷ್ಟ ಬಂತು.

ಮೊದಲ ದಿನ ಅವರು ಬೋರ್ಡಿನ ಮೇಲೆ ಬರೆದು ವಿವರಿಸಿದ್ದು ಚೆನ್ನಾಗಿ ನೆನಪಿದೆ. ‘ಧ್ಯಾನ’ ಎಂಬ ನಿಮ್ಮ ಶಬ್ದವೇ ನಡೆದುಕೊಂಡು ಚೀನಾಕ್ಕೆ ಹೋಗಿ ‘ಚಾನ್’ ಆಯಿತು, ಅಲ್ಲಿಂದ ವಿಯೆಟ್ನಾಮಿಗೆ ಹೋಗಿ ‘ಥಿಯೆನ್’, ನಮ್ಮಲ್ಲಿ ‘ಸೊನ್’, ಜಪಾನಿನಲ್ಲಿ ‘ಝೆನ್’ ಎಂದರು. ಪ್ರಪಂಚವೆಲ್ಲ ಜಪಾನಿನ ಹೆಸರನ್ನೇ ಹಿಡಿದುಕೊಂಡದ್ದು ಅವರಿಗೆ ಸ್ವಲ್ಪ ಸಿಟ್ಟು. ಆಮೇಲೆ ನನ್ನ ಕಡೆ ತಿರುಗಿ, ಇದನ್ನು ಚೀನಾಕ್ಕೆ ಒಯ್ದ ಬೋಧಿಧರ್ಮ ದಕ್ಷಿಣ ಭಾರತದವನಂತೆ, ಅಂದರೆ ನಿಮ್ಮ ಕಡೆಯವನು ಎಂದು ನಕ್ಕರು. ಅವನು ಗೋಡೆಗೆ ಮುಖ ಮಾಡಿ ಕೂತಿದ್ದಾಗ ಒಬ್ಬ ಶಿಷ್ಯ ಬಂದು ಹಿಮದಲ್ಲಿ ಕಾದನಂತೆ. ಗುರು ತಿರುಗಿ ನೋಡಲಿಲ್ಲ. ಕೊನೆಗೆ ಶಿಷ್ಯ ತನ್ನ ತೋಳನ್ನೇ ಕಡಿದು ಮುಂದಿಟ್ಟನಂತೆ. ಆಗ ಗುರು ತಿರುಗಿದ. ಈ ಕಥೆ ಹೇಳುವಾಗ ಹಾನ್ ಅವರ ಕಣ್ಣು ಒದ್ದೆಯಾಗಿತ್ತು.

ಕೂತವರ ನಡುವೆ ಅವರು ಸೀಳಿದ ಬಿದಿರಿನ ಉದ್ದ ಕೋಲು ಹಿಡಿದು ನಡೆಯುತ್ತಿದ್ದರು. ಕೊರಿಯಾದ ಮಠಗಳಲ್ಲಿ ತೂಕಡಿಸುವವರನ್ನು ಎಬ್ಬಿಸಲು ಅದರಿಂದ ಹೆಗಲಿಗೆ ಬಡಿಯುತ್ತಾರಂತೆ. ಸದ್ದು ಜೋರು, ಪೆಟ್ಟು ಹಗುರ. ನಮ್ಮಲ್ಲಿದ್ದ ಯುನ್ ಎಂಬ ಕೊರಿಯಾದ ಹುಡುಗಿ, ಪ್ಲಾನಿಂಗ್ ಎಂಜಿನಿಯರ್, ನನಗೆ ಒಮ್ಮೆ ಟೀ ಕುಡಿಯುವಾಗ ಹೇಳಿದ್ದಳು: “ನಮ್ಮಲ್ಲಿ ಬೇಕಾದವರು ಕೈಮುಗಿದು ತಲೆ ಬಗ್ಗಿಸಿದರೆ ಮಾತ್ರ ಹೊಡೆಯುವುದು. ಇವರು ಹೊಡೆಯುವ ರೀತಿ ನಮ್ಮ ಯಾವ ಮಠದ್ದೂ ಅಲ್ಲ.”

ಅವರು ಹೊಡೆಯುತ್ತಿದ್ದದ್ದು ಹೆಚ್ಚಾಗಿ ತ್ವಾನನಿಗೆ.

ತ್ವಾನ್ ವಿಯೆಟ್ನಾಮಿನ ವೆಲ್ಡರ್ ಫೋರ್‌ಮನ್. ಸಣ್ಣವನಿದ್ದಾಗ ಮನೆಯವರು ಅವನನ್ನು ಮಠಕ್ಕೆ ಬಿಟ್ಟಿದ್ದರಂತೆ. ಮೀಸೆ ಬರುವ ಮೊದಲೇ ಓಡಿಬಂದಿದ್ದ. ಅವನನ್ನು ಸಾಧು ಅಂತ ತಿಳಿಯಬೇಡಿ. ಕ್ಯಾಂಪಿನಲ್ಲಿ ಕದ್ದು ಇಳಿಸುವ ಸಾರಾಯಿ ಕುಡಿಯುತ್ತಿದ್ದ, ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದ, ಸಿಟ್ಟು ಬಂದರೆ ಹೆಲ್ಪರುಗಳಿಗೆ ಕೈ ಎತ್ತುತ್ತಿದ್ದ. ನನ್ನ ಹತ್ತಿರ ಮಾತ್ರ ಸ್ನೇಹ. ಕ್ಯಾಂಪಿನ ಹಿಂದಿ, ಇಂಗ್ಲಿಷು, ಅರಬ್ಬಿ ಎಲ್ಲ ಕಲಸಿ ಮಾತಾಡುತ್ತಿದ್ದೆವು. ಒಮ್ಮೆ ನನ್ನ ಮೊಬೈಲಿನಲ್ಲಿ ಕದ್ರಿ ದೇವಸ್ಥಾನದ ಲೋಕೇಶ್ವರನ ಫೋಟೋ ನೋಡಿ, “ಅರೇ ಭಾಯಿ, ಇದು ನಮ್ಮ ಕ್ವಾನ್ ಆಮ್ ದೇವರು! ನಮ್ಮಲ್ಲಿ ಇವಳು ಹೆಂಗಸು” ಎಂದು ಕುಣಿದಾಡಿದ್ದ. ಬೇರೆ ಕಂಪನಿಗೆ ಹೋಗಲು ರಿಲೀಸ್ ಕೇಳಿ ಅರ್ಜಿ ಕೊಟ್ಟಿದ್ದ. ಹಾನ್ ಸಹಿ ಹಾಕಿರಲಿಲ್ಲ. ಅದಕ್ಕೇ ಶುಕ್ರವಾರ ತಪ್ಪದೆ ಬಂದು ಕೂರುತ್ತಿದ್ದ.

ಕೂತರೆ ಅವನ ತುಟಿ ಅಲ್ಲಾಡುತ್ತಿತ್ತು. ಮಠದಲ್ಲಿ ಕಲಿತದ್ದು. ಅವರಲ್ಲಿ ಧ್ಯಾನದ ಜೊತೆಗೆ ಅಮಿತಾಭ ಬುದ್ಧನ ನಾಮಜಪವೂ ಸೇರಿಕೊಂಡಿದೆಯಂತೆ. ಹಾನ್ ಅವರಿಗೆ ಅದು ಆಗದು. “ಇದು ಅಜ್ಜಿಯಂದಿರ ಭಜನೆ. ಇಲ್ಲಿ ಒಂದೇ ಪ್ರಶ್ನೆ: ಇದೇನು? ಕೂತವನು ಯಾರು?” ಎನ್ನುತ್ತ ಹೆಗಲಿಗೆ ಬಾರಿಸುವರು. ತನ್ನ ಸ್ವಂತ ಅಜ್ಜಿಯೂ ಸಿಯೋಲಿನಲ್ಲಿ ಕೂತು ಅದೇ ಜಪ ಮಾಡುತ್ತಾಳೆಂದು ಯುನ್ ನನಗೆ ಪಿಸುಗುಟ್ಟಿದ್ದಳು. ಹಾನ್ ಅವರೆದುರು ಹೇಳುವ ಧೈರ್ಯ ಅವಳಿಗೂ ಇರಲಿಲ್ಲ. ಹೊಡೆದ ಮೇಲೆ ಅವರು ತ್ವಾನನನ್ನು ಕೇಳುವರು: “ಪೆಟ್ಟು ತಿಂದದ್ದು ಯಾರು?” ತ್ವಾನ್ ಸುಮ್ಮನಿದ್ದರೆ ಇನ್ನೊಂದು. ‘ನಾನು’ ಎಂದರೂ ಇನ್ನೊಂದು.

ಆ ಶುಕ್ರವಾರ ನಾನು ತ್ವಾನನ ಪಕ್ಕದಲ್ಲೇ ಕೂತಿದ್ದೆ. ಹೊರಗೆ ಧೂಳು ಎದ್ದು ಕಿಟಕಿ ಹಳದಿಯಾಗಿತ್ತು. ಹಾನ್ ಬಂದರು, ಹೊಡೆದರು, ಕೇಳಿದರು. ತ್ವಾನನಿಗೆ ಸಾಕಾಗಿತ್ತೋ ಏನೋ, ಹೆಬ್ಬೆರಳಿನಿಂದ ನನ್ನನ್ನು ತೋರಿಸಿ, “ಇವನು” ಎಂದ. ಸಾಲಿನಲ್ಲಿ ಒಂದಿಬ್ಬರು ನಕ್ಕರು. ಹಾನ್ ನಗಲಿಲ್ಲ. ಕೋಲೆತ್ತಿ ತ್ವಾನನ ಎಡ ಹೆಗಲಿಗೆ ಮತ್ತೊಮ್ಮೆ ಬಾರಿಸಿದರು. ಕೋಲು ಬಿದ್ದದ್ದು ಅವನ ಮೇಲೆ, ನಾನು ಕಣ್ಣಾರೆ ನೋಡಿದ್ದೇನೆ. ಉರಿ ಎದ್ದದ್ದು ನನ್ನ ಹೆಗಲಲ್ಲಿ. ಬಾಯಿಂದ ‘ಅಮ್ಮಾ’ ಅಂತ ಬಂತು. ಎಲ್ಲರೂ ನಾನು ತಮಾಷೆ ಮುಂದುವರಿಸುತ್ತಿದ್ದೇನೆ ಅಂದುಕೊಂಡರು.

ಮುಗಿದ ಮೇಲೆ ಬಾತ್‌ರೂಮಿಗೆ ಹೋಗಿ ಅಂಗಿ ಬಿಚ್ಚಿದೆ. ಎಡ ಹೆಗಲ ಮೇಲೆ ಬಿದಿರಿನಷ್ಟೇ ಅಗಲದ ಕೆಂಪು ಬಾಸುಂಡೆ. ತ್ವಾನನನ್ನು ಕರೆದು ತೋರಿಸಿದೆ. ಅವನೂ ಅಂಗಿ ಸರಿಸಿದ. ಹಳೆಯ ಕಲೆಗಳೂ ಅಂದಿನ ಮೊದಲ ಪೆಟ್ಟಿನ ಗುರುತೂ ಇದ್ದವು, ಎರಡನೆಯದ್ದರದು ಇರಲಿಲ್ಲ. ಎರಡನೇ ಪೆಟ್ಟು ತನಗೆ ತಾಗಿದ್ದೇ ಗೊತ್ತಾಗಲಿಲ್ಲ ಎಂದ. ಆಮೇಲೆ ನಗಲು ಶುರುಮಾಡಿದ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಮುಂದಿನ ವಾರ ನಾನು ಎದುರು ಗೋಡೆಯ ಬಳಿ ಹೋಗಿ ಕೂತೆ. ಅಲ್ಲಿಯೂ ಹಾಗೆಯೇ ಆಯಿತು. ತ್ವಾನನ ಹೆಗಲಿಗೆ ಕೋಲು, ನನ್ನ ಹೆಗಲಿಗೆ ಉರಿ. ಮನಸ್ಸಿನ ಭ್ರಮೆ ಇರಬೇಕು, ಕೋಲು ಏಳುವುದನ್ನು ನೋಡಿದ್ದರಿಂದ ಹೀಗಾಗುತ್ತಿದೆ ಎಂದು ನನಗೇ ಹೇಳಿಕೊಂಡೆ. ಅದರ ಮುಂದಿನ ಶುಕ್ರವಾರ ಜ್ವರ ಎಂದು ಸುಳ್ಳು ಹೇಳಿ ಮನೆಯಲ್ಲೇ ಉಳಿದೆ.

ಶೈಲಾಗೆ ಅಂದು ಡ್ಯೂಟಿ ಇರಲಿಲ್ಲ. ಬನಿಯನ್ನಿನಲ್ಲಿ ಕೂತು ಬಂಗುಡೆ ಸ್ವಚ್ಛ ಮಾಡಿಕೊಡುತ್ತಿದ್ದೆ. ಅವಳು ಪಕ್ಕದಲ್ಲಿ ಮಸಾಲೆ ರುಬ್ಬಲು ತೆಂಗಿನಕಾಯಿ ತುರಿಯುತ್ತಿದ್ದಳು. ಪೆಟ್ಟು ಬಿತ್ತು. ಕೈಯಲ್ಲಿದ್ದ ಕತ್ತಿ ಸಿಂಕಿಗೆ ಬಿತ್ತು. ನಾನು ತಿರುಗುವಷ್ಟರಲ್ಲಿ ಇನ್ನೊಂದು. ಶೈಲಾ ನೋಡುತ್ತಿದ್ದ ಹಾಗೆಯೇ ಚರ್ಮದ ಮೇಲೆ ಬಿಳಿಯ ಗೆರೆ ಮೂಡಿ, ಕೆಂಪಾಗಿ, ಉಬ್ಬಿಕೊಂಡಿತು.

“ಎಂತ ಇದು ಮಾರಾಯ್ರೆ? ಯಾರು ಹೊಡೆದದ್ದು?” ಎಂದಳು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಅಲರ್ಜಿ ಇರಬಹುದು, ನರದ ತೊಂದರೆ ಇರಬಹುದು ಎಂದು ಅವಳು ತನಗೇ ಸಮಾಧಾನ ಹೇಳಿಕೊಂಡಳು. ಅವಳಿಗೆ ಎಲ್ಲ ಹೇಳಿದೆ. ಅವಳು ನಂಬಿದಳು ಅಂತಲ್ಲ. ಕಣ್ಣಿಂದ ನೋಡಿಬಿಟ್ಟಿದ್ದಳು, ಅಷ್ಟೇ.

ಮರುದಿನ ನಾನು ತ್ವಾನನನ್ನು ಹುಡುಕಿಕೊಂಡು ಹೋದೆ. ಟ್ಯಾಂಕಿನ ನೆರಳಲ್ಲಿ ಹೆಲ್ಮೆಟ್ ಮಡಿಲಲ್ಲಿಟ್ಟು ಕೂತಿದ್ದ. ನಿನ್ನೆ ತಾನೇ ಬೇಕೆಂದು ಜೋರಾಗಿ ಜಪ ಮಾಡಿದೆ, ಮುದೀರ್ ಹೊಡೆದಷ್ಟೂ ನಕ್ಕೆ ಎಂದು ಹೆಮ್ಮೆಯಿಂದ ಹೇಳಿದ. ಮುದೀರ್ ಅಂದರೆ ಮ್ಯಾನೇಜರ್. ಕ್ಯಾಂಪಿನಲ್ಲಿ ಎಲ್ಲರೂ ಹಾನ್ ಅವರನ್ನು ಹಾಗೆ ಕರೆಯುವುದು.

“ತ್ವಾನ್, ಅದೆಲ್ಲ ನನಗೆ ಬಿತ್ತು” ಎಂದೆ.

“ಗೊತ್ತು.”

“ಗೊತ್ತಿದ್ದೂ ನಕ್ಕೆಯಾ? ಸುಮ್ಮನೆ ಕೂತರೆ ಅವರು ಹೊಡೆಯುವುದಿಲ್ಲ. ನನಗೋಸ್ಕರ ಬಾಯಿ ಮುಚ್ಚು ಭಾಯಿ.”

ಅವನ ಮುಖದ ನಗು ಹೋಯಿತು. “ಈ ದೇಶಕ್ಕೆ ಬಂದ ಮೇಲೆ ಎಲ್ಲವೂ ನನಗೆ ನೋವು ಕೊಟ್ಟಿದೆ. ಬಿಸಿಲು, ಬೆಂಕಿ, ಬಾಸ್, ಮನೆಯಿಂದ ಬರುವ ಫೋನು. ನೋವಾಗದ ಪೆಟ್ಟು ಸಿಕ್ಕಿದ್ದು ಇದೇ ಮೊದಲು. ಅದನ್ನೂ ಕಿತ್ತುಕೊಳ್ಳುತ್ತೀಯಾ?” ಎಂದ. ನಾನು ಅವನ ಭುಜ ಹಿಡಿದು ಬೇಡಿಕೊಂಡೆ. ಅವನು ಕೈ ಕೊಡವಿ ಹೆಲ್ಮೆಟ್ ಹಾಕಿಕೊಂಡ. “ನಿನಗೆ ಹೆಂಡತಿ ಇದ್ದಾಳೆ. ಎಣ್ಣೆ ಹಚ್ಚಿಕೊಡುತ್ತಾಳೆ” ಎಂದು ವೆಲ್ಡಿಂಗ್ ಟಾರ್ಚ್ ಹೊತ್ತಿಸಿದ. ಅವನನ್ನು ದ್ವೇಷಿಸಬೇಕು ಅನ್ನಿಸಿತು. ದ್ವೇಷಿಸಿದೆ ಕೂಡ.

ಉಳಿದದ್ದು ಒಂದೇ ದಾರಿ. ಹಾನ್ ಅವರ ಕೋಣೆಗೆ ಹೋಗಿ ಅಂಗಿ ಬಿಚ್ಚಿ ಹೆಗಲು ತೋರಿಸಿದೆ. ಹುಚ್ಚ ಎಂದು ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡೇ ಹೋಗಿದ್ದೆ. ಅವರು ಎದ್ದು ಬಂದು, ಬೆರಳಿನಿಂದ ಬಾಸುಂಡೆಗಳನ್ನು ಒಂದೊಂದಾಗಿ ಸವರಿದರು. ಬಹಳ ಮೃದುವಾಗಿ. ಆಮೇಲೆ ಕುರ್ಚಿಯಲ್ಲಿ ಕುಸಿದು ಕೂತು, “ನಾನು ಅರ್ಧ ಆಯುಷ್ಯ ಕೂತಿದ್ದೇನೆ. ಬೆಟ್ಟದ ಮೇಲೆ, ಚಳಿಯಲ್ಲಿ. ನನಗೆ ಏನೂ ಆಗಲಿಲ್ಲ. ಒಬ್ಬ ಕುಡುಕನಿಗೆ, ಒಬ್ಬ ಸ್ಟೋರ್ಸಿನವನಿಗೆ ಆಗುತ್ತಿದೆ” ಎಂದರು. ನಿಲ್ಲಿಸಿ ಸಾರ್ ಎಂದೆ. ಅವರಿಗೆ ಕೇಳಿಸಿತೋ ಇಲ್ಲವೋ. “ಶುಕ್ರವಾರ ಬಾ. ತಪ್ಪಿಸಬೇಡ” ಎಂದಷ್ಟೇ ಹೇಳಿದರು. ನನ್ನ ಇಕಾಮಾ ಆ ತಿಂಗಳೇ ಮುಗಿಯುವುದಿತ್ತು. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯ ಇರಲಿಲ್ಲ.

ಹೋಗಬೇಡಿ ಎಂದು ಶೈಲಾ ಹೇಳುತ್ತಾಳೆ ಅಂದುಕೊಂಡಿದ್ದೆ. “ಹೋಗದಿದ್ದರೂ ನಿಮಗೇ ಬೀಳುವುದಲ್ವಾ? ನಾನೂ ಬರ್ತೇನೆ” ಎಂದಳು. ಮಗಳನ್ನು ಪಕ್ಕದ ಫ್ಲ್ಯಾಟಿನವರ ಹತ್ತಿರ ಬಿಟ್ಟು ಇಬ್ಬರೂ ಹೊರಟೆವು.

ಕ್ಯಾಬಿನ್ನಿನಲ್ಲಿ ಆ ದಿನ ಹೆಚ್ಚು ಜನ ಇರಲಿಲ್ಲ. ಹಾನ್ ಅವರೇ ಬೇಡವೆಂದಿರಬೇಕು. ತ್ವಾನನನ್ನು ಒಂದು ತುದಿಯಲ್ಲಿ, ನನ್ನನ್ನು ಇನ್ನೊಂದು ತುದಿಯಲ್ಲಿ ಗೋಡೆಗೆ ಮುಖ ಮಾಡಿಸಿ ಕೂರಿಸಿದ್ದರು. ಯುನ್ ಬಾಗಿಲ ಬಳಿ ಇದ್ದಳು. ಹಾನ್ ತ್ವಾನನ ಹಿಂದೆ ಹೋಗಿ ನಿಂತಾಗ ಶೈಲಾ ಒಳಗೆ ನುಗ್ಗಿದಳು. ಚಪ್ಪಲಿ ಕೂಡ ಬಿಚ್ಚಲಿಲ್ಲ.

“ನೀವು ಅವನಿಗೆ ಹೊಡೆಯುವುದು ನನ್ನ ಗಂಡನಿಗೆ ಬೀಳ್ತಾ ಉಂಟು. ನಾನು ಕಣ್ಣಿಂದ ನೋಡಿದ್ದೇನೆ. ಇವತ್ತಿಗೆ ಖಲಾಸ್. ಇಲ್ಲದಿದ್ದರೆ ಪೊಲೀಸ್ ಕರೀತೇನೆ” ಎಂದು ಇಂಗ್ಲಿಷಿನಲ್ಲಿ ಕೂಗಿದಳು.

ನಾನು ಕತ್ತು ತಿರುಗಿಸಿದೆ. ಹಾನ್ ಅವಳನ್ನು ನೋಡಿದರು. ಅವಳ ಮಾತಿನಲ್ಲಿ ಅವರಿಗೆ ಬೇಕಾದ ಏನೋ ಒಂದು ಸಿಕ್ಕಿದ ಹಾಗೆ ತಲೆಯಾಡಿಸಿದರು. ತ್ವಾನನನ್ನು ಬಿಟ್ಟು ನನ್ನ ಕಡೆ ನಡೆದು ಬಂದರು. “ಹಾಗಾದರೆ ತಿರುಗಿಸಿ ನೋಡೋಣ” ಎಂದರು. ಶೈಲಾ ಓಡಿ ಬರುವಷ್ಟರಲ್ಲಿ ಎರಡೂ ಕೈಯಿಂದ ಕೋಲೆತ್ತಿ ನನ್ನ ಎಡ ಹೆಗಲಿಗೆ ಬೀಸಿದರು. ಅಷ್ಟು ಬಲವಾಗಿ ಅವರು ಯಾರಿಗೂ ಹೊಡೆದದ್ದನ್ನು ನಾನು ನೋಡಿರಲಿಲ್ಲ.

ನನಗೆ ಗಾಳಿ ತಾಗಿದಂತಾಯಿತು. ಹತ್ತಿಯ ದಿಂಬೊಂದನ್ನು ಮೆಲ್ಲಗೆ ಇಟ್ಟ ಹಾಗೆ. ಅಷ್ಟೇ.

ಕಿರುಚಿದ್ದು ತ್ವಾನ್. ಅದಕ್ಕೂ ಮೊದಲು ಒಣ ಕಡ್ಡಿ ಮುರಿದಂಥ ಸದ್ದು ಕೇಳಿಸಿತ್ತು. ನಾನು ತಿರುಗಿ ನೋಡಿದಾಗ ಅವನು ಗೋಡೆಯ ಬುಡದಲ್ಲಿ ಮಗ್ಗುಲಾಗಿ ಬಿದ್ದಿದ್ದ, ಎಡಗೈ ಬೇರೆ ಯಾರದ್ದೋ ಎಂಬಂತೆ ಅಸಹಜವಾಗಿ ಜೋತಾಡುತ್ತಿತ್ತು. ಅವನ ಹತ್ತಿರ ಯಾರೂ ಇರಲಿಲ್ಲ. ಶೈಲಾ ನನ್ನನ್ನು ಬಿಟ್ಟು ಅವನತ್ತ ಓಡಿದಳು. “ಮುರಿದಿದೆ, ಆಂಬ್ಯುಲೆನ್ಸ್ ಕರೀರಿ” ಎಂದು ಕೂಗಿದಳು.

ಹಾನ್ ಅವರ ಮುಖ ನಾನು ಮರೆಯುವುದಿಲ್ಲ. ಮಗು ಮೊದಲ ಸಲ ಸಮುದ್ರ ಕಂಡಾಗ ಹೇಗಿರುತ್ತದೆ, ಹಾಗಿತ್ತು. “ಇದೇನು?” ಎಂದು ನನ್ನನ್ನು ಕೇಳಿದರು. “ಇದೇನು? ಇದೇನು?” ಮತ್ತೆ ಕೋಲೆತ್ತಿದರು. ಗೋಡೆಯ ಬಳಿಯಿಂದ ತ್ವಾನ್ ನನ್ನನ್ನು ನೋಡಿ, “ಬೇಡ ಭಾಯಿ, ಬೇಡ” ಎಂದು ಗೋಗರೆದ. ಹೊಡೆಯುತ್ತಿದ್ದವನು ನಾನು ಎಂಬ ಹಾಗೆ. ನಾನು ಎರಡೂ ಕೈಯಲ್ಲಿ ಕೋಲು ಹಿಡಿದುಕೊಂಡೆ. ಯುನ್ ಬಂದು ಹಾನ್ ಅವರ ಬೆರಳುಗಳನ್ನು ಬಿಡಿಸಿ ಅದನ್ನು ಕಸಿದುಕೊಂಡಳು. ಅಳುತ್ತ ಕೊರಿಯನ್ನಿನಲ್ಲಿ ಏನೋ ಹೇಳಿದಳು. ಅವರು ತ್ವಾನನ ಕಡೆ ತಿರುಗಿ, ಹಣೆ ನೆಲಕ್ಕೆ ತಾಗುವಂತೆ ನಮಸ್ಕಾರ ಮಾಡಿದರು. ನೋವಿನಿಂದ ಒದ್ದಾಡುತ್ತಿದ್ದ ಮನುಷ್ಯನಿಗೆ ಸಾಷ್ಟಾಂಗ ನಮಸ್ಕಾರ.

ಆಮೇಲಿನದ್ದು ಬೇಗ ಮುಗಿಯಿತು. ಮೆಟ್ಟಿಲಿಂದ ಬಿದ್ದು ಹೆಗಲು ಮುರಿಯಿತು ಎಂದು ಕಂಪನಿ ಹೇಳಿತು. ವಿಚಾರಿಸಲು ಬಂದ ಅಧಿಕಾರಿಗೆ ನಾನೂ ಶೈಲಾಳೂ ನಡೆದದ್ದನ್ನು ನಡೆದ ಹಾಗೆ ಹೇಳಿದೆವು. “ಅಂದರೆ ಹೊಡೆದದ್ದು ನಿಮಗೆ, ಮುರಿದದ್ದು ಅವನದು?” ಎಂದು ಆ ಮನುಷ್ಯ ಕೇಳಿದ. ಹೌದು ಎಂದೆ. ಅವನು ಪೆನ್ನು ಜೇಬಿಗೆ ಹಾಕಿಕೊಂಡು ಚಹಾ ಕುಡಿದು ಹೋದ. ಹಾನ್ ಆ ವಾರವೇ ತ್ವಾನನ ರಿಲೀಸಿಗೆ ಸಹಿ ಹಾಕಿದರು. ಆದರೆ ಕೈ ಎತ್ತಲಾಗದ ವೆಲ್ಡರನ್ನು ಯಾವ ಕಂಪನಿ ತೆಗೆದುಕೊಳ್ಳುತ್ತದೆ? ಅವನನ್ನು ಊರಿಗೆ ಕಳಿಸುವುದೆಂದಾಯಿತು. ನನ್ನ ಇಕಾಮಾ ಕೂಡ ರಿನ್ಯೂ ಆಯಿತು. ಹಾನ್ ಮತ್ತೆ ನನ್ನ ಜೊತೆ ಮಾತಾಡಲಿಲ್ಲ. ದೂರದಿಂದ ನನ್ನ ಹೆಗಲನ್ನೇ ನೋಡುತ್ತಿದ್ದರು. ಸ್ವಲ್ಪ ಸಮಯದಲ್ಲಿ ಬೇರೆ ದೇಶದ ದೊಡ್ಡ ಪ್ರಾಜೆಕ್ಟಿಗೆ ಬಡ್ತಿಯಾಗಿ ಹೋದರು.

ತ್ವಾನ್ ಹೋಗುವ ಮುಂಚೆ ಆಸ್ಪತ್ರೆಗೆ ಹೋಗಿದ್ದೆ. ನನ್ನನ್ನು ಕಂಡದ್ದೇ ಹಾಸಿಗೆಯಲ್ಲಿ ಆಚೆ ಸರಿದ. ಹತ್ತಿರ ಬರಬೇಡ ಎಂದು ಒಳ್ಳೆಯ ಕೈಯಿಂದ ಸನ್ನೆ ಮಾಡಿದ. ತಂದಿದ್ದ ಕಿತ್ತಳೆಯನ್ನು ಕಾಲಬುಡದಲ್ಲಿಟ್ಟು ಹೊರಟೆ. ಹಿಂದಿನಿಂದ, “ಭಾಯಿ” ಎಂದ. ತಿರುಗಿದೆ. “ಬಾಗಿಲಿಗೆ ತಾಗದ ಹಾಗೆ ನೋಡಿಕೊಂಡು ಹೋಗು” ಎಂದ. ಆಗ ನನಗೆ ಅರ್ಥ ಆಗಲಿಲ್ಲ.

ಅರ್ಥವಾದದ್ದು ಕೆಲವು ತಿಂಗಳಾದ ಮೇಲೆ. ಅಟ್ಟದಿಂದ ಸೂಟ್‌ಕೇಸ್ ಇಳಿಸುವಾಗ ಅದು ಜಾರಿ ಅದರ ಮೂಲೆ ನೇರ ನನ್ನ ಎಡ ಹೆಗಲಿಗೆ ಬಡಿಯಿತು. ಕೆಳಗೆ ಬಿದ್ದ ರಭಸಕ್ಕೆ ನೆಲದ ಟೈಲ್ಸ್ ಒಡೆಯಿತು. ನನಗೆ ಏನೂ ಆಗಲಿಲ್ಲ. ಒಂದು ಗೀರೂ ಇಲ್ಲ. ಶೈಲಾ ಬಹಳ ಹೊತ್ತು ಆ ಹೆಗಲನ್ನು ನೋಡಿ, ಒಳಗಿನಿಂದ ಇಂಜೆಕ್ಷನ್ ಸೂಜಿ ತಂದಳು. ಚುಚ್ಚಿದಳು. ನನಗೆ ತಿಳಿಯಲಿಲ್ಲ, ರಕ್ತವೂ ಬರಲಿಲ್ಲ. ಸ್ವಲ್ಪ ಆಳಕ್ಕೆ ಚುಚ್ಚಲು ಹೋದಾಗ ಅವಳ ಕೈ ಹಿಡಿದುಕೊಂಡೆ.

“ನಿಮಗೆ ನೋವಾಗ್ತಾ ಇಲ್ವಲ್ಲ?” ಎಂದಳು.

“ನನಗೆ ಇಲ್ಲ” ಎಂದೆ.

ಅವಳು ಸೂಜಿ ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಡಾಕ್ಟರುಗಳು ನರ ಸತ್ತಿದೆ ಎನ್ನುತ್ತಾರೆ. ಸತ್ತ ನರ ಇದ್ದವನಿಗೆ ರಕ್ತ ಯಾಕೆ ಬರುವುದಿಲ್ಲ ಎಂದು ಕೇಳಿದರೆ ಇನ್ನೊಂದು ಪರೀಕ್ಷೆ ಬರೆದುಕೊಡುತ್ತಾರೆ. ತ್ವಾನನ ಊರಿನ ನಂಬರಿಗೆ ಎಷ್ಟೋ ಸಲ ಫೋನ್ ಮಾಡಿದ್ದೇನೆ. ಯುನ್ ಕೂಡ ಅಲ್ಲಿನವರ ಮೂಲಕ ವಿಚಾರಿಸಿದಳು. ಅವನು ಬದುಕಿದ್ದಾನೋ ಇಲ್ಲವೋ ಗೊತ್ತಾಗಲಿಲ್ಲ. ಬದುಕಿಲ್ಲದಿದ್ದರೆ ಈ ನೋವೆಲ್ಲ ಹೋಗಿ ಸೇರುವುದು ಎಲ್ಲಿಗೆ ಎಂದು ಯೋಚಿಸಲು ಹೋಗಿ ಅರ್ಧಕ್ಕೇ ಬಿಟ್ಟುಬಿಡುತ್ತೇನೆ. ಕಂಪನಿ ಬಿಟ್ಟಿದ್ದೇನೆ, ಈಗ ಸಲ್ವಾದಲ್ಲಿ ಒಂದು ಅಂಗಡಿಯ ಲೆಕ್ಕ ನೋಡುತ್ತೇನೆ. ಲಿಫ್ಟಿನಲ್ಲಿ, ಸೂಕ್ ಮಾರುಕಟ್ಟೆಯ ಗದ್ದಲದಲ್ಲಿ ಎಡಭಾಗವನ್ನು ಯಾರಿಗೂ ತಾಗಿಸದೆ ನಡೆಯುವುದು ರೂಢಿಯಾಗಿದೆ. ಲಸಿಕೆ ಹಾಕಿಸಲು ಬಲಗೈಯನ್ನೇ ಕೊಡುತ್ತೇನೆ.

ಮೊನ್ನೆ ಸಂಜೆ ಸೋಫಾದಲ್ಲಿ ಕೂತಿದ್ದೆ. ಮಗಳು ಶಾಲೆಯಲ್ಲಿ ಏನೋ ಬಹುಮಾನ ಬಂದ ಖುಷಿಯಲ್ಲಿ ಹಿಂದಿನಿಂದ ಓಡಿಬಂದು ನನ್ನ ಎಡ ಹೆಗಲಿಗೆ ಜೋತುಬಿದ್ದಳು. ತ್ವಾನನ ನೆನಪಾಗಿ ನಾನು ಕಿರುಚಿ ಎದ್ದು ನಿಂತೆ. ಅವಳು ಗಾಬರಿಯಾಗಿ ಕೈಬಿಟ್ಟಳು.

“ಡಿಡ್ ಐ ಹರ್ಟ್ ಯೂ, ಪಪ್ಪಾ?” ಎಂದು ಕೇಳಿದಳು.